ನಾಳೆ ಯಾರೂ ಬರಬೇಡಿ

ನಮ್ಮ ಕಾಲೇಜಿನಲ್ಲಿ ಮೊಬೈಲ್ ಕಂಡರೆ ಸಿಡಿದು ಬೀಳುವ ಮೇಷ್ಟ್ರು ಯಾರು ಅಂತ ಕೇಳಿದ್ದರೆ ಎಲ್ಲರೂ ನನ್ನ ಕಡೆಗೇ ಕೈ ತೋರಿಸುತ್ತಿದ್ದರು. ಕುಶಾಲನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳುವವನು ನಾನು. ಎಲೆ ತೋರಿಸಿದರೆ ಎಲೆ ನೋಡಬೇಕು, ಪರದೆಯನ್ನಲ್ಲ ಎನ್ನುವುದು ನನ್ನ ಹಠ. ಆ ಹಠ ಮುರಿದದ್ದು ಕಾಫಿ ಪಿಕಿಂಗ್. ಡಿಸೆಂಬರ್ ಬಂತೆಂದರೆ ಅರ್ಧ ತರಗತಿ ತೋಟಗಳಲ್ಲಿ ಹಣ್ಣು ಕೊಯ್ಯುತ್ತಿರುತ್ತದೆ. ಬೈದೆ, ಹೆತ್ತವರನ್ನು ಕರೆಸಿದೆ, ಏನೂ ಆಗಲಿಲ್ಲ. ಕೊನೆಗೆ ಸೋತು ವಾಟ್ಸಾಪ್ ಗುಂಪು ಮಾಡಿ, ಪಾಠವನ್ನು ಬಾಯಲ್ಲಿ ಹೇಳಿ ಕಳಿಸತೊಡಗಿದೆ. ಕೈ ಕೊಯ್ಯುತ್ತಿರಲಿ, ಕಿವಿಯಾದರೂ ಪಾಠ ಕೇಳಲಿ ಅಂತ.

ಕೇಳಿದರು. ಅದೇ ನನಗೆ ಆಶ್ಚರ್ಯ. ತರಗತಿಯಲ್ಲಿ ಆಕಳಿಸುತ್ತಿದ್ದವರು ಗಿಡದ ಬುಡದಿಂದ ಫೋಟೋ ಕಳಿಸಿ, "ಸಾರ್, ಈ ತೂತು ಕಾಂಡ ಕೊರಕದ್ದಾ?" ಅಂತ ವಿಚಾರಿಸತೊಡಗಿದರು. ನೆಲ್ಯಹುದಿಕೇರಿ ಕಡೆಯ ಎಸ್ಟೇಟೊಂದರ ಕೆಲಸದವರ ಲೈನ್ ಮನೆಯಲ್ಲಿ ಅಮ್ಮನ ಜೊತೆ ಇರುವ ಒಬ್ಬಳು ಹುಡುಗಿಯಂತೂ ಫೋನನ್ನು ಕೊಂಬೆಗೆ ತೂಗುಹಾಕಿ ನನ್ನ ಪಾಠ ಜೋರಾಗಿ ಹಾಕುತ್ತಿದ್ದಳಂತೆ. ಅಕ್ಕಪಕ್ಕದ ಸಾಲಿನವರೂ ಕೇಳಲೇಬೇಕು. "ನಿಮ್ಮ ಮೇಷ್ಟ್ರಿಗೆ ಮಧ್ಯ ಸ್ವಲ್ಪ ಉಸಿರು ತಗೊಳ್ಳೋಕೆ ಹೇಳು" ಅಂತ ಅವಳಮ್ಮ ಹೇಳಿ ಕಳಿಸಿದ್ದರು. ಆ ಹುಡುಗಿ ಹಿಂದಿನ ವರ್ಷ ಜ್ವರದಿಂದ ಆಸ್ಪತ್ರೆಯಲ್ಲಿದ್ದು ಪ್ರಾಕ್ಟಿಕಲ್ ಪರೀಕ್ಷೆ ತಪ್ಪಿಸಿಕೊಂಡವಳು. ಉಳಿದಿದ್ದೆಲ್ಲ ಪಾಸು, ಇದೊಂದು ಬಾಕಿ. ಬರೆದರೆ ಡಿಗ್ರಿ ಕೈಗೆ, ತಪ್ಪಿದರೆ ಇನ್ನೊಂದು ವರ್ಷ ನೀರಿಗೆ.

ಇನ್ನು ನನ್ನ ಕಥೆ. ಮಾದಾಪುರದ ಹತ್ತಿರ ನಮಗೂ ಚೂರು ತೋಟವಿದೆ. ನೋಡಿಕೊಳ್ಳುವವಳು ಹೆಂಡತಿ. ನಾಳೆ ಕೆಲಸ ಉಂಟೋ ಇಲ್ಲವೋ ಅಂತ ಪಿಕಿಂಗಿನವರಿಗೆ ತಿಳಿಸುವುದು ಮಾತ್ರ ನನ್ನ ಪಾಲು. ಅದಕ್ಕೂ ಒಂದು ವಾಟ್ಸಾಪ್ ಗುಂಪು ಮಾಡಿದ್ದೆ. ಪಾಠದ ರುಚಿ ಹತ್ತಿದ ಮೇಲೆ ನಾನು ಅಲ್ಲೂ ಟೈಪ್ ಮಾಡುವುದು ಬಿಟ್ಟು ಬಾಯಲ್ಲೇ ಹೇಳುತ್ತಿದ್ದೆ. ಎರಡು ಗುಂಪೂ ಫೋನಿನಲ್ಲಿ ಒಂದರ ಕೆಳಗೊಂದು ಕೂತಿರುತ್ತಿದ್ದವು.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹನಿಯಿತು. ಕಣದಲ್ಲಿ ಹರಡಿದ್ದ ಕಾಫಿಯೇ ಒದ್ದೆ, ಹೊಸ ಹಣ್ಣು ತಂದರೆ ಸುರಿಯಲು ಜಾಗವಿಲ್ಲ. "ನಾಳೆ ಬೇಡ ಅಂತ ಹೇಳಿಬಿಡಿ" ಎಂದಳು ಹೆಂಡತಿ. ಕಾಫಿಗೆ ಟಾರ್ಪಾಲು ಎಳೆಯುತ್ತಲೇ ಫೋನೊತ್ತಿ ಹೇಳಿದೆ: "ನಾಳೆ ಯಾರೂ ಬರಬೇಡಿ. ನಾಡಿದ್ದು ನೋಡೋಣ." ಅಷ್ಟರಲ್ಲಿ ಕರೆಂಟು ಹೋಯಿತು, ಅದರ ಹಿಂದೆಯೇ ನೆಟ್‌ವರ್ಕೂ ಹೋಯಿತು. ನಾನು ಉಂಡು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಸ್ನಾನ ಮಾಡಿ ಬರುತ್ತೇನೆ, ಗೇಟಿನ ಹತ್ತಿರ ಪಿಕಿಂಗಿನವರ ಜೀಪು ನಿಂತಿದೆ. ಎಲ್ಲರೂ ಚೀಲ ಹಿಡಿದು ಇಳಿಯುತ್ತಿದ್ದಾರೆ.

"ಬರ್ಬೇಡಿ ಅಂತ ಹೇಳಿದ್ನಲ್ಲ!" ಎಂದೆ.

"ಎಲ್ಲಿ ಹೇಳಿದ್ರಿ ಸಾರ್? ನಮಗೇನೂ ಬರ್ಲಿಲ್ಲ" ಎಂದಳು ಅವರ ಮುಂದಾಳು.

ಹೆಂಡತಿ ಒಳಗಿನಿಂದಲೇ, "ಯಾರಿಗೆ ಕಳಿಸಿದ್ರಿ, ಮೊದ್ಲು ಅದು ನೋಡಿ" ಎಂದಳು.

ನೋಡಿದೆ. ನೆಟ್‌ವರ್ಕು ವಾಪಸ್ ಬಂದಿತ್ತು. ಮೆಸೇಜು ವಿದ್ಯಾರ್ಥಿಗಳ ಗುಂಪಿನಲ್ಲಿ ಕೂತಿತ್ತು. ಎಷ್ಟು ಒಳ್ಳೆಯ ಪಾಠ ಮಾಡಿದರೂ ಒಂದು ಹೆಬ್ಬೆರಳೂ ಬೀಳದ ಗುಂಪಿನಲ್ಲಿ ಈ ಮಾತಿಗೆ ಹೆಬ್ಬೆರಳುಗಳ ಸಾಲೇ ಬಿದ್ದಿತ್ತು. ಒಬ್ಬನಂತೂ ಕೆಂಪು ಹೃದಯ ಹಾಕಿದ್ದ. ಹೊರಗಿನ ಕಾಲೇಜಿನಿಂದ ಪರೀಕ್ಷಕರು ಹೊರಟಾಗಿರುತ್ತದೆ. ಅವರು ಬಂದಾಗ ಹಾಜರಿಲ್ಲದವರು ಗೈರುಹಾಜರು, ಅದಕ್ಕೆ ಎರಡನೇ ಮಾತಿಲ್ಲ.

"ಎಲ್ಲರೂ ಬನ್ನಿ, ಅದು ತೋಟದವರಿಗೆ ಕಳಿಸಿದ್ದು" ಎಂದು ಗುಂಪಿನಲ್ಲಿ ಕೂಗಿದೆ. ಅದು ಸಾಲದು ಅಂತ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಒಬ್ಬ ಇನ್ನೂ ಹಾಸಿಗೆಯಲ್ಲಿದ್ದ. ಇನ್ನೊಬ್ಬ ಬೇರೆ ಯಾರದೋ ತೋಟಕ್ಕೆ ಹೊರಟ ಜೀಪಿನಲ್ಲಿದ್ದ, ಅಲ್ಲೇ ಇಳಿದುಕೊಂಡ. "ಛೇ, ಉಂಟಾ ಸಾರ್ ಪರೀಕ್ಷೆ?" ಅಂತ ಅಳುವ ದನಿ ಮಾಡಿದವನಿಗೆ ಬೈಯಲೂ ನನಗೆ ಮುಖವಿರಲಿಲ್ಲ. ಅಂತೂ ಎಲ್ಲರೂ ಸಿಕ್ಕರು. ಸಿಗದೇ ಹೋದವಳು ಆ ನೆಲ್ಯಹುದಿಕೇರಿಯ ಹುಡುಗಿ ಒಬ್ಬಳೇ. ಅವಳ ಫೋನು ಸಂಪರ್ಕಕ್ಕೆ ಸಿಗುತ್ತಿಲ್ಲ. ನನ್ನ ಮೆಸೇಜು ಯಾರ್ಯಾರು ಕೇಳಿದ್ದಾರೆಂದು ಒತ್ತಿ ನೋಡಿದೆ. ಅವಳು ಕೇಳಿದ್ದಳು. ಎಲ್ಲರಿಗಿಂತ ಮೊದಲು ಕೇಳಿದ್ದಳು.

ತಿಂಡಿಗೂ ಕೂರದೆ ಬೈಕ್ ಹತ್ತಿದೆ. ಸುಂಟಿಕೊಪ್ಪದಲ್ಲಿ ನಿಲ್ಲಿಸಿ ಮತ್ತೆ ಫೋನ್ ಮಾಡಿದೆ. ಅದೇ ಹೆಂಗಸಿನ ರೆಕಾರ್ಡಾದ ದನಿ, ಅದೇ ಮಾತು. ನೇರ ಅವಳ ಲೈನಿಗೇ ಹೋಗಿ ಕೂರಿಸಿಕೊಂಡು ಬರಲೇ ಅಂದುಕೊಂಡೆ. ಆದರೆ ನಾನು ಕಾಲೇಜಿನಲ್ಲಿಲ್ಲದಿದ್ದರೆ ಪರೀಕ್ಷೆಯೇ ಶುರುವಾಗದು, ಉಳಿದವರ ಗತಿ? ಇಷ್ಟು ವರ್ಷ ಪಾಠ ಹೇಳಿಯೂ ಯಾರ ಬದುಕನ್ನೂ ಕೆಡಿಸದವನು ಐದೇ ಪದದಲ್ಲಿ ಒಂದು ಮಗುವಿನ ಬದುಕು ಕೆಡಿಸಿದೆನಲ್ಲ ಅನ್ನಿಸಿತು. ದಾರಿಯುದ್ದಕ್ಕೂ ಫೋನಿಗೆ ಬೈದೆ, ಮಳೆಗೆ ಬೈದೆ, ಎಲ್ಲಕ್ಕಿಂತ ಹೆಚ್ಚು ನನಗೇ ಬೈದುಕೊಂಡೆ.

ಪರೀಕ್ಷಕರ ಕಾರು ಆಗಲೇ ಬಂದು ನಿಂತಿತ್ತು. ಮೆಟ್ಟಿಲು ಹತ್ತಿ ಓಡಿದೆ. ಲ್ಯಾಬಿನ ಬಾಗಿಲಲ್ಲಿ ಬಿಳಿ ಕೋಟು ಹಾಕಿ, ರೆಕಾರ್ಡ್ ಪುಸ್ತಕ ಎದೆಗೊತ್ತಿಕೊಂಡು ಒಬ್ಬಳೇ ನಿಂತಿದ್ದಳು. ಅವಳೇ. ಉಳಿದವರು ಇನ್ನೂ ದಾರಿಯಲ್ಲಿದ್ದರು.

ಗೋಡೆ ಹಿಡಿದು ನಿಂತುಬಿಟ್ಟೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಅಷ್ಟೂ ವರ್ಷ ಒಟ್ಟಿಗೆ ಬಂದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಬೈಕಿನ ಗಾಳಿಗೆ ಅಂದುಕೊಂಡಿರಬೇಕು ಅವಳು.

"ನನ್ನ ಮೆಸೇಜು ಕೇಳ್ಲಿಲ್ವಾ?"

"ಕೇಳಿದೆ ಸಾರ್. ಆಮೇಲೆ ಕರೆಂಟಿಲ್ದೆ ಫೋನು ಆಫಾಯ್ತು."

"ಮತ್ತೆ ಹೇಗೆ ಬಂದೆ?"

"ಹೋದ ಸಲ ಬರ್ಲಿಕ್ಕಾಗದೆ ಒಂದು ವರ್ಷ ಹೋಯ್ತಲ್ಲ. ಈ ಸಲ ಯಾರು ಬೇಡ ಅಂದ್ರೂ ಗೇಟಿನ ತನಕ ಹೋಗಿ ನೋಡೋದು ಅಂತ ಅಮ್ಮನೂ ನಾನೂ ಮೊದ್ಲೇ ಮಾತಾಡ್ಕೊಂಡಿದ್ವಿ. ಗೇಟು ಮುಚ್ಚಿದ್ರೆ ಅದೇ ಬಸ್ಸಲ್ಲಿ ವಾಪಸ್. ಅಷ್ಟೇ ಅಲ್ವಾ?"

"ಅಂದ್ರೆ ನನ್ನ ಮಾತು ನಂಬ್ಲಿಲ್ಲ ನೀನು."

ಅವಳು ಸ್ವಲ್ಪ ಗಾಬರಿಯಾದಳು. "ಹಾಗಲ್ಲ ಸಾರ್. ನೀವು ಎದುರಿಗೆ ಹೇಳಿದ್ರೆ ಖಂಡಿತ ನಂಬ್ತಿದ್ದೆ. ಇದು ಫೋನಲ್ಲಿ ಹೇಳಿದ್ದಲ್ವಾ?"

ಒಳಗಿನಿಂದ ಪರೀಕ್ಷಕರು ಅವಳ ಹೆಸರು ಕರೆದರು. ಅವಳು ಕದಲದೆ ನನ್ನ ಮುಖವನ್ನೇ ನೋಡಿದಳು.

"ಹೋಗು ಮಗಾ" ಎಂದೆ, ಅವಳ ಎದುರಿಗೇ ನಿಂತು.