ಅತ್ತೆ ಬೀಜ ನೆನೆಸಿಬಿಟ್ಟರು

ನಮ್ಮೂರಿನವರಷ್ಟು ಬೇಗ ಒಪ್ಪಿಕೊಳ್ಳುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಎಂತ ಹೇಳಿದರೂ "ಆತು" ಅನ್ನುತ್ತಾರೆ. ಆತು ಅಂದ ಮೇಲೆ ಎಲೆಅಡಿಕೆಯ ಕವಳ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಮಾಡುವವರು ಯಾರು ಅಂತ ಆಮೇಲೆ ಕೇಳಿದರೆ, ಪಾಪ, ಅವರಿಗೇ ಆಶ್ಚರ್ಯ.

ನಮ್ಮ ಮನೆ ಕುಮಟೆಯಿಂದ ಸ್ವಲ್ಪ ದೂರ, ಹೊಳೆ ಸಮುದ್ರ ಸೇರುವ ಕಡೆ. ಅಲ್ಲಿ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಗಳಿಗೆ ನಾವು ಗಜನಿ ಅನ್ನುತ್ತೇವೆ. ಬೇರೆ ಭತ್ತ ಅಲ್ಲಿ ಸತ್ತೇ ಹೋಗುತ್ತದೆ. ಕಗ್ಗ ಅನ್ನುವ ತಳಿ ಮಾತ್ರ ಉಪ್ಪನ್ನೂ ನೆರೆಯನ್ನೂ ತಡೆದುಕೊಂಡು ಎತ್ತರಕ್ಕೆ ಬೆಳೆಯುತ್ತದೆ. ಬಹಳ ವರ್ಷ ಊರಿನವರು ಗಜನಿಯನ್ನು ಸಿಗಡಿ ಸಾಕಣೆಗೆ ಬಿಟ್ಟು ಕಗ್ಗವನ್ನು ಮರೆತರು. ಬೀಜ ಉಳಿಸಿಕೊಂಡಿದ್ದು ನಮ್ಮ ಅತ್ತೆ ಒಬ್ಬರೇ.

ಪ್ರತಿ ಮಳೆಗಾಲ ಅವರು ನಮ್ಮ ಪಾಲಿನ ತುಂಡಿನಲ್ಲಿ ಬಿತ್ತುವುದು, ಸುತ್ತಲಿನ ಹಕ್ಕಿಗಳೆಲ್ಲ ಬಂದು ಕೂರುವುದು. ಇಡೀ ಗಜನಿಗೆ ಒಂದೇ ಮನೆಯಲ್ಲಿ ಊಟ ಅಂದರೆ ಅವಾದರೂ ಎಲ್ಲಿಗೆ ಹೋಗಬೇಕು? ಹಿಂದೆ ಎಲ್ಲರೂ ಬಿತ್ತುವಾಗ ಹಕ್ಕಿ ತಿಂದದ್ದು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲವಂತೆ. ಹುಲ್ಲಿನ ಮುಡಿಯಲ್ಲಿದ್ದ ಬೀಜ ವರ್ಷ ಕಳೆದಂತೆ ಚೀಲಕ್ಕೆ ಇಳಿಯಿತು, ಚೀಲದಿಂದ ಎಣ್ಣೆ ಡಬ್ಬಿಗೆ ಬಂತು.

"ಇನ್ನೊಂದು ಮಳೆಗಾಲ ಹೀಂಗೇ ಆದ್ರೆ ಮುಗೀತು. ಮೊಮ್ಮಕ್ಕಳಿಗೆ ಕಗ್ಗ ಅಂದ್ರೆ ಎಂತ ಹೇಳಿ ಮೊಬೈಲಲ್ಲಿ ಪಟ ತೋರ್ಸು," ಅಂದರು ಅತ್ತೆ.

ನನ್ನ ಬಾಯಿ ದೊಡ್ಡದು ಅಂತ ಊರಿಗೇ ಗೊತ್ತು. ಕುಮಟೆ ಬಸ್‌ಸ್ಟ್ಯಾಂಡಿನ ಹತ್ತಿರ ಟೇಲರಿಂಗ್ ಅಂಗಡಿ ಇಟ್ಟವಳಿಗೆ ಬಾಯಿ ಇಲ್ಲದಿದ್ದರೆ ಉದ್ಧಾರವಾದ ಹಾಗೇ. ಹಾಗಾಗಿ ಸಭೆ ಕರೆಯುವ ಕೆಲಸ ನನ್ನ ತಲೆಗೇ ಬಂತು. ಗಜನಿಯಲ್ಲಿ ಪಾಲಿರುವ ಮನೆಯವರೆಲ್ಲ ನಮ್ಮ ಜಗುಲಿಗೆ ಬಂದರು, ಅವಲಕ್ಕಿ ತಿಂದರು, ಚಾ ಕುಡಿದರು. ಗುಮಾಸ್ತರಾಗಿ ನಿವೃತ್ತರಾದ ಪಕ್ಕದ ಮನೆಯವರು ಮುಂದಿನ ಪೀಳಿಗೆಯ ಬಗ್ಗೆ ಎಷ್ಟು ಚೆಂದ ಮಾತಾಡಿದರು ಅಂದರೆ, ಅವರ ತೊಡೆಯ ಮೇಲಿದ್ದ ಮುಂದಿನ ಪೀಳಿಗೆ ಗೊರಕೆ ಹೊಡೆಯಿತು.

ಅತ್ತೆಯ ಬೀಜ ಹಂಚಿಕೊಂಡು ಎಲ್ಲರೂ ಒಂದೇ ದಿನ ಬಿತ್ತುವುದು. ಆತು. ಯಾವ ದಿನ? ಅಲ್ಲಿ ಸಿಕ್ಕಿಬಿತ್ತು. ಒಬ್ಬರಿಗೆ ಶನಿವಾರ ಆಗದು. ಇನ್ನೊಬ್ಬರಿಗೆ ಹಳದೀಪುರದಲ್ಲಿ ನಿಶ್ಚಿತಾರ್ಥ. ಮತ್ತೊಬ್ಬರು, ಗುಮಾಸ್ತರು ಬಿತ್ತಿದ ಮರುದಿನ ಬಿತ್ತುತ್ತಾರಂತೆ, ಗುಮಾಸ್ತರು ಇವರು ಬಿತ್ತುವುದನ್ನು ನೋಡಿಕೊಂಡು ಇಳಿಯುತ್ತಾರಂತೆ. ವಾಟ್ಸಾಪ್ ಗುಂಪು ಮಾಡಿದೆ. ದಿನ ಯಾವುದು ಅಂತ ಕೇಳಿದರೆ ಗುಲಾಬಿ ಹೂವು ಬಂತು, ಶುಭೋದಯ ಬಂತು, ಮುಗಿದ ಕೈಗಳು ಬಂದವು. ಮಳೆಯೂ ಬಂದು ಗದ್ದೆಯ ಉಪ್ಪು ತೊಳೆದುಹೋಯಿತು, ಬಿತ್ತುವ ಹದ ಬಂತು. ದಿನ ಮಾತ್ರ ಬರಲಿಲ್ಲ.

ಆ ವಾರ ಬಚ್ಚಲ ಪಕ್ಕ ಒಂದು ಒದ್ದೆ ಗೋಣಿ ಕಾಣುತ್ತಿತ್ತು. ಅತ್ತೆ ಏನೋ ತೊಳೆದು ಹಾಕಿರಬೇಕು ಅಂದುಕೊಂಡಿದ್ದೆ. ಒಂದು ಸಂಜೆ ಎತ್ತಿ ನೋಡಿದರೆ ಕೆಳಗೆ ಬುಟ್ಟಿಯಲ್ಲಿ ಕಗ್ಗದ ಬೀಜ, ಬಿಳಿ ಮೊಳಕೆ ಹೊರಟಿದೆ. ಓಡಿಹೋಗಿ ಡಬ್ಬಿ ನೋಡಿದೆ. ಪೂರ್ತಿ ಖಾಲಿ. ಮೊಳಕೆ ಒಡೆದ ಬೀಜ ಮತ್ತೆ ಡಬ್ಬಿಗೆ ಹೋಗುವುದಿಲ್ಲ, ಬೇಗ ಮಣ್ಣಿಗೆ ಬೀಳದಿದ್ದರೆ ಕೊಳೆಯುವುದೇ.

"ಅತ್ತೆ, ನಿಮಗೆಂತ ಹುಚ್ಚಾ? ಒಂದು ಮುಷ್ಟಿನಾದ್ರೂ ಇಟ್ಕಳೂಕೆ ಆಗ್ಲಿಲ್ವಾ?"

"ಇಟ್ಕಂಡ್ರೆ ಎಲ್ಲರೂ ಮತ್ತೆ ಬಪ್ಪ ವರ್ಷ ನೋಡ್ವ ಅಂತ್ರು. ಬುಟ್ಟಿ ಹಿಡಿ, ನಡಿ," ಅಂದರು.

ಮನೆ ಮನೆಗೆ ಹೋಗಿ ಒಂದೊಂದು ಬೋಗುಣಿ ಮೊಳಕೆ ಸುರಿದರು. ಎಲ್ಲ ಕಡೆ ಒಂದೇ ಮಾತು: ನಾಳೆ ಬೆಳಿಗ್ಗೆ ಬಿತ್ತೂದು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು, "ಅಕ್ಕಾ, ಇದಿಷ್ಟನ್ನೂ ನಿಮ್ಮ ಗದ್ದೆಗೇ ಬಿತ್ತಿದ್ರೆ ಆಗ್ತಿತ್ತಲ್ಲ," ಅಂದರು.

"ನನ್ನ ಗದ್ದೆ ಹಕ್ಕಿ ಓಡ್ಸೂಕೆ ನೀ ಬತ್ಯಾ?"

ಗುಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು.

"ನಿನ್ನ ಗದ್ದೆಗಾದ್ರೆ ಬತ್ಯಲ್ಲ," ಅಂದು ಅತ್ತೆ ಮುಂದಿನ ಮನೆಗೆ ಹೊರಟರು.

ಬಂದರು. ಗೊಣಗುತ್ತ ಬಂದರು, ಆದರೆ ಎಲ್ಲರೂ ಬಂದರು. ಕೈಯಲ್ಲಿ ಜೀವ ಹಿಡಿದ ಬೀಜ ಇರುವಾಗ ಶನಿವಾರ, ನಿಶ್ಚಿತಾರ್ಥ ಯಾವುದೂ ಅಡ್ಡ ಬರಲಿಲ್ಲ. ಬಿತ್ತಿ ಮುಗಿಯುವಷ್ಟರಲ್ಲಿ ಹಕ್ಕಿಗಳೂ ಹಾಜರು.

ಆಮೇಲಿನ ಚೆಂದ ಕೇಳಿ. ಗುಮಾಸ್ತರು ಬಟ್ಟಲು ಬಡಿದು ತಮ್ಮ ಗದ್ದೆಯ ಹಕ್ಕಿಗಳನ್ನು ಪಕ್ಕದ ಗದ್ದೆಗೆ ಓಡಿಸಿದರು. ಪಕ್ಕದವರು ನಮ್ಮ ಗದ್ದೆಗೆ. ನಾನೇನು ಬಿಡುವವಳಾ, ಸೀರೆ ಎತ್ತಿಕಟ್ಟಿ ವಾಪಸ್ ಗುಮಾಸ್ತರ ಗದ್ದೆಗೇ ಕಳಿಸಿದೆ. ಹಕ್ಕಿಗಳಿಗೆ ಎಲ್ಲರ ಮನೆಯ ರುಚಿ ನೋಡಿದ ಹಾಗಾಯಿತು, ನಮಗೆ ಜಗಳ ಆಯಿತು. "ನಿಮ್ಮ ಹಕ್ಕಿ, ನಿಮ್ಮ ಹಕ್ಕಿ" ಅಂತ ನಾವು ಕೂಗಾಡುವಾಗ ಅತ್ತೆ ಒಡ್ಡಿನ ಮೇಲೆ ಕೂತು ನಗುತ್ತಿದ್ದರು. ಕೊನೆಗೆ ನನಗೇ ನಾಚಿಕೆ ಆಗಿ, ಎಲ್ಲರೂ ಒಂದೇ ಸಲ ಬಡಿಯುವ ಅಂದೆ. ಈ ತುದಿಯಿಂದ ಆ ತುದಿಯವರೆಗೆ ತಟ್ಟೆ, ಡಬ್ಬ, ಚಪ್ಪಾಳೆ. ಹಕ್ಕಿಗಳು ಒಟ್ಟಿಗೆ ಎದ್ದು ಹೊಳೆಯ ಆಚೆಗೆ ಹೋದವು. ಮೊಳಕೆ ಬೇರು ಹಿಡಿಯುವವರೆಗೂ, ಮತ್ತೆ ತೆನೆ ಬಲಿಯುವಾಗಲೂ, ಹಾಗೇ ಪಾಳಿ ಹಾಕಿಕೊಂಡು ಕಾದೆವು.

ಕೊಯ್ಲಾದ ಮೇಲೆ ಎಲ್ಲರ ಭತ್ತವೂ ನಮ್ಮ ಜಗುಲಿಗೆ ಬಂತು. ರಾಶಿ ಅನ್ನುವಷ್ಟಿರಲಿಲ್ಲ, ಆದರೆ ಡಬ್ಬಿಗೆ ಹಿಡಿಸದಷ್ಟಿತ್ತು. ಗುಮಾಸ್ತರು ಪಾಯಸಕ್ಕೆ ಅಂತ ಬೊಗಸೆ ತುಂಬಿಕೊಂಡರು. ನನಗೂ ಆಸೆ, ಆದರೆ ಅತ್ತೆಯ ಸಲುವಾಗಿ. ಇಷ್ಟು ವರ್ಷ ಬೀಜ ಕಾದವರು ಕಗ್ಗದ ಗಂಜಿ ಉಂಡು ಎಷ್ಟು ಕಾಲವಾಯಿತೋ. ಒಂದು ಮೊರ ಭತ್ತ ಎತ್ತಿಕೊಂಡೆ. ಅತ್ತೆ ನನ್ನ ಕೈ ಹಿಡಿದರು.

"ಅದು ಬೀಜ. ಬಪ್ಪ ವರ್ಷ ಗಜನಿ ಪೂರ್ತಿ ಬಿತ್ತೂಕೆ ಬೇಕು."

"ನಿಮಗೊಬ್ಬರಿಗೆ ಒಂದು ಹೊತ್ತಿನ ಗಂಜಿಗೆ ಅತ್ತೆ. ಬಪ್ಪ ವರ್ಷ..." ನಾನು ನಾಲಿಗೆ ಕಚ್ಚಿಕೊಂಡೆ.

"ಬಪ್ಪ ವರ್ಷ ನಾ ಇರ್ತ್ನೋ ಇಲ್ವೋ ಹೇಳಿ, ಅಲ್ದಾ? ಇಲ್ದೇ ಇದ್ರೆ ನೀವು ಉಣ್ಣಿ. ನಾ ಸಣ್ಣಿರುವಾಗ ಉಂಡದ್ದೂ ಯಾರೋ ಉಣ್ಣದೇ ಇಟ್ಟದ್ದೇ."

ಗುಮಾಸ್ತರು ಬೊಗಸೆಯ ಭತ್ತವನ್ನು ಮೆಲ್ಲಗೆ ಮತ್ತೆ ಸುರಿದರು. ನಾನೂ ಮೊರ ಬಗ್ಗಿಸಿದೆ.

ಆ ಮಧ್ಯಾಹ್ನ ಅತ್ತೆಗೆ ರೇಷನ್ ಅಕ್ಕಿಯ ಗಂಜಿಯನ್ನೇ ಬಡಿಸಿದೆ. ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡು ಚೆನ್ನಾಗಿ ಉಂಡರು.