ಎಂಟು ಜಿಬಿಯೋ, ಹನ್ನೆರಡು ಜಿಬಿಯೋ

ಕಳೆದ ಸೋಮವಾರ ಬೆಳಿಗ್ಗೆ ಹಿರಿಯೂರಿನಲ್ಲಿ ರೆಹಾನಾಳ ವಿಡಿಯೋ ಸ್ಟುಡಿಯೋದ ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಯಿತು. ಪರದೆಯ ಮೇಲೆ ಮೊದಲು ಹಸಿರು ಗೆರೆಗಳು ಬಂದವು, ಆಮೇಲೆ ಕತ್ತಲು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಚಿತ್ರಗಳ ಭಾರವನ್ನೆಲ್ಲ ಹೊರುವ, ಇಟ್ಟಿಗೆಯಷ್ಟು ದಪ್ಪದ ಈ ಸಲಕರಣೆ ಇರುವಷ್ಟು ದಿನ ಯಾರಿಗೂ ನೆನಪಾಗುವುದಿಲ್ಲ. ಹೋದ ಗಳಿಗೆಯಿಂದ ಬೇರೆ ಮಾತೇ ಇರುವುದಿಲ್ಲ.

ರೆಹಾನಾ ಒಂದು ಕಾಲದಲ್ಲಿ ಚಿತ್ರದುರ್ಗದಲ್ಲಿ ನಮ್ಮ ಪತ್ರಿಕೆಯ ಪುಟ ಕಟ್ಟುತ್ತಿದ್ದವಳು. ನಾನು ಸುದ್ದಿ ತಿದ್ದುತ್ತಿದ್ದೆ. ಪತ್ರಿಕೆ ನಿಂತ ಮೇಲೆ ಅವಳು ಊರಿಗೆ ಹೋಗಿ, ತಂದೆ ಗೌಸ್ ಸಾಹೇಬರ ಫೋಟೋ ಕಟ್ಟು ಹಾಕುವ ಅಂಗಡಿಯ ಹಿಂಬದಿಯಲ್ಲೇ ಸ್ಟುಡಿಯೋ ತೆರೆದಳು. ಮದುವೆಗಳ ವಿಡಿಯೋ ಅವಳ ಕಸುಬು. ಫೋನಿನಲ್ಲಿ ಅವಳ ದನಿ, ಪುಟ ಕಳಿಸುವ ಹೊತ್ತಿಗೆ ಮುಖ್ಯ ಸುದ್ದಿ ಬಾರದಿದ್ದಾಗ ಇರುತ್ತಿದ್ದ ಹಾಗೆಯೇ ಇತ್ತು.

“ಸರ್, ದಾವಣಗೆರೆ ಅಂಗಡ್ಯಾಗೆ ಎರಡು ಕಾರ್ಡ್ ಅವೆ. ರೇಟು ಹೆಚ್ಚುಕಮ್ಮಿ ಒಂದೇ. ಯಾವುದು ತಗಳ್ಳಿ ಹೇಳ್ರಿ. ಶುಕ್ರವಾರ ಬೆಳಿಗ್ಗೆಗೆ ಮಾಡದಕೆರೆ ಮದುವೆ ಕೊಡ್ಬೇಕು.”

ಹೊಸದುರ್ಗ ಕಡೆಯ ಮಾಡದಕೆರೆಯ ಆ ಮದುವೆಯ ಮನೆಯವರು ಕುರಿ ಸಾಕುವವರು. ಮೊಮ್ಮಗಳು ಭಾಗ್ಯಳ ಮದುವೆಗೆ ಅಜ್ಜ ಕೆಂಚಪ್ಪ ಕಂಕುಳಲ್ಲಿ ಒಂದು ಹೆಣ್ಣುಮರಿ ಇಟ್ಟುಕೊಂಡು ವೇದಿಕೆ ಹತ್ತಿ, ವಧುವಿನ ಮಡಿಲಿಗೇ ಅದನ್ನು ಕೊಟ್ಟಿದ್ದರು. ಅಜ್ಜಿ ಹನುಮಕ್ಕ ಅದನ್ನು ಕಾಣಲಿಲ್ಲ. ಹಿಂಡಿನ ಹತ್ತಿರ ಯಾರಾದರೂ ಒಬ್ಬರು ಉಳಿಯಲೇಬೇಕಿತ್ತು, ಆಕೆ ಉಳಿದಿದ್ದರು. ಮದುವೆಯಾಗಿ ತಿಂಗಳು ತುಂಬುವುದರೊಳಗೆ ಕೆಂಚಪ್ಪ ತೀರಿಕೊಂಡರು. ಶುಕ್ರವಾರ ಹನ್ನೊಂದನೆಯ ದಿನ. ಅಂದು ನೆಂಟರೆಲ್ಲ ಸೇರಿದಾಗ ಮದುವೆಯ ವಿಡಿಯೋ ಹಾಕಬೇಕೆಂದು ಹನುಮಕ್ಕ ಕೇಳಿದ್ದಾರೆ. ಕೇಳಿರುವುದು ಅದೊಂದನ್ನೇ.

ನನಗೆ ಗೊತ್ತಿರುವ ಕೆಲಸವೆಂದರೆ ಎರಡು ಕಡೆಯ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಹಾಗೆಯೇ ಕೂತೆ. ಒಂದು ಕಾರ್ಡ್ ಹೊಸದು: ಎಂಟು ಜಿಬಿ ಮೆಮೊರಿ, ನೂರ ಹದಿನೈದು ವಾಟ್, ಮೂರು ವರ್ಷದ ವಾರಂಟಿ, ವೇಗದಲ್ಲಿ ಮುಂದು. ಇನ್ನೊಂದು ಹಿಂದಿನ ತಲೆಮಾರಿನದು, ಯಾರೋ ಬಳಸಿ ಮಾರಿದ್ದು: ಹನ್ನೆರಡು ಜಿಬಿ, ನೂರ ಎಪ್ಪತ್ತು ವಾಟ್, ವಾರಂಟಿ ಇಲ್ಲ, ವೇಗದಲ್ಲಿ ಸ್ವಲ್ಪ ಹಿಂದು. ವೇಗವೆಂದರೆ ಕೈಚಳಕ, ಮೆಮೊರಿ ಎಂದರೆ ಕೆಲಸ ಹರಡಿಕೊಳ್ಳುವ ಮೇಜು ಎಂದು ತಿಳಿಯಿರಿ. ಕೈ ಎಷ್ಟು ಚುರುಕಾಗಿದ್ದರೂ ಮೇಜು ಸಾಲದಿದ್ದರೆ ಸಾಮಾನು ನೆಲಕ್ಕೆ ಬೀಳುತ್ತದೆ.

ಜಾಲತಾಣಗಳಲ್ಲಿ ಇವೆರಡರ ಹೋಲಿಕೆಗೇನೂ ಬರವಿಲ್ಲ. ಬಣ್ಣಬಣ್ಣದ ಪಟ್ಟಿಗಳು, ಒಂದು ಆಟದಲ್ಲಿ ಇದು ಮುಂದೆ, ಇನ್ನೊಂದರಲ್ಲಿ ಅದು. ಓದುತ್ತ ಹೋದಂತೆ ನನ್ನ ಆತಂಕ ಇಳಿಯುವ ಬದಲು ಏರಿತು, ಏಕೆಂದರೆ ಪರೀಕ್ಷಿಸಿದವರೆಲ್ಲ ಕಾರು ಓಡಿಸಿದ್ದರು, ಗುಂಡು ಹಾರಿಸಿದ್ದರು. ಹೊಸದುರ್ಗ ಕಡೆಯ ಮದುವೆಯನ್ನು ಯಾರೂ ಹಾಕಿ ನೋಡಿರಲಿಲ್ಲ. ಇಲ್ಲಿಯ ಮದುವೆ ವಿಡಿಯೋಗೆ ಒಂದು ಕಟ್ಟಳೆ ಇದೆ: ವೇದಿಕೆ ಹತ್ತಿದ ಒಬ್ಬರ ಮುಖವೂ ಬಿಡುವಂತಿಲ್ಲ. ಅಕ್ಕಿಕಾಳು ಹಾಕಿದವರು, ಉಡುಗೊರೆ ಕೊಟ್ಟವರು, ಮಗುವನ್ನು ಎತ್ತಿಕೊಂಡು ಸುಮ್ಮನೆ ನಿಂತವರು, ಎಲ್ಲರೂ ಇರಬೇಕು. ಬಿಟ್ಟರೆ ಮುಂದಿನ ಮದುವೆಗೆ ಅವರು ಬರುವುದಿಲ್ಲ. ಹೀಗಾಗಿ ಅದು ಆರು ಗಂಟೆಯ ಚಿತ್ರ. ಆಶೀರ್ವಾದದ ಭಾಗದಲ್ಲಂತೂ ಮೂರು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ, ಮೇಲೆ ಭಾಗ್ಯ ಇಷ್ಟಪಟ್ಟು ಕೇಳಿದ ಉದುರುವ ಹೂವುಗಳು.

ಅಜ್ಜನ ಭಾಗವನ್ನಷ್ಟೇ ಲ್ಯಾಪ್‌ಟಾಪಿನಲ್ಲಿ ಮಾಡಿ ಕಳಿಸಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಮಂಗಳವಾರ ನಾವಿಬ್ಬರೂ ದಾವಣಗೆರೆಗೆ ಹೋಗುವಾಗ, ಬಸ್ಸು ಭರಮಸಾಗರದ ಕೆರೆ ದಾಟುತ್ತಿದ್ದಂತೆ ರೆಹಾನಾ ಅದನ್ನೇ ಕೆಂಚಪ್ಪನ ಮೊಮ್ಮಗ ಮಂಜುನಾಥನಿಗೆ ಫೋನಿನಲ್ಲಿ ಹೇಳಿದಳು. ಸ್ಪೀಕರಿನಲ್ಲಿ ಅವನ ಉತ್ತರ ನನಗೂ ಕೇಳಿತು.

“ಬ್ಯಾಡಕ್ಕ. ತಾತ ಒಬ್ಬನೇ ಬಂದ್ರೆ ಸತ್ತೋನ್ನ ತೋರಿಸ್ದಂಗಾಗತೈತೆ. ಎಲ್ರ ಜತೆ ಸಾಲಾಗೆ ಬರ್ಲಿ. ಮದುವೆಗೆ ಬಂದೋನಂಗೆ ಬರ್ಲಿ.”

ಒಬ್ಬ ಮನುಷ್ಯನನ್ನು ಜನರ ಸಾಲಿನಿಂದ ಬಿಡಿಸಿ ತೆಗೆದರೆ ಅವನು ಸುದ್ದಿಯಾಗುತ್ತಾನೆ. ನಾನು ಜೀವಮಾನವೆಲ್ಲ ಮಾಡಿದ್ದು ಅದನ್ನೇ. ನಾಲ್ಕು ಸಾಲಿನ ಚೌಕಟ್ಟಿನಲ್ಲಿ ಒಂದು ಹೆಸರು, ಒಂದು ವಯಸ್ಸು. ಹಿಂದೆ ಮುಂದೆ ನಿಂತವರನ್ನು ಜಾಗವಿಲ್ಲವೆಂದು ಬಿಟ್ಟಿರುತ್ತೇವೆ. ಮಂಜುನಾಥನ ಮನೆಯವರಿಗೆ ಜಾಗದ ಕೊರತೆ ಒಪ್ಪಿಗೆಯಿಲ್ಲ. ಅವರಿಗೆ ಬೇಕಾದದ್ದು ದೊಡ್ಡ ಮೇಜು.

ಹನ್ನೆರಡು ಜಿಬಿಯದನ್ನೇ ಹಿರಿಯೂರಿಗೆ ತಂದೆವು. ಅದರ ಹಿಂದಿನ ಯಜಮಾನ ಯಾರೋ, ಬಿಡುವಿಲ್ಲದೆ ದುಡಿಸಿ ಹಿಂಡಿ ಮಾರಿದ್ದನೋ ಏನೋ ಎಂಬ ಸಂಶಯ ನನ್ನನ್ನು ದಾರಿಯುದ್ದಕ್ಕೂ ಕೊರೆಯಿತು. ಗೌಸ್ ಸಾಹೇಬರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಏನ್ರಿ ಪೇಪರ್‌ನೋರೇ, ಸೆಕೆಂಡ್ ಹ್ಯಾಂಡ್ ತಂದಿದ್ದೀರಾ? ಮಗಳಿಗೆ ಗಂಡು ನೋಡಕ್ಕೆ ನಿಮ್ಮನ್ನ ಕರಕಂಡು ಹೋಗ್ಲಿಲ್ಲ, ಬಚಾವಾದೆ.”

“ಅಬ್ಬಾ, ನೀನ್ ಸುಮ್ನಿರು,” ಎಂದಳು ರೆಹಾನಾ ತಂದೆಗೆ. ನಗಲಿಲ್ಲ.

ಬುಧವಾರ, ದೃಶ್ಯಗಳನ್ನೆಲ್ಲ ಸೇರಿಸಿ ಒಂದೇ ಚಿತ್ರವಾಗಿ ಕಂಪ್ಯೂಟರು ಹೊರತೆಗೆಯುವ ಕೆಲಸ ಶೇಕಡಾ ನಲವತ್ತೊಂದಕ್ಕೆ ಬಂದು ನಿಂತಿತು. ಮೆಮೊರಿ ಸಾಲದೆ ಅಲ್ಲ, ಬಿಸಿ ತಾಳದೆ. ಕಾರ್ಡಿನ ಶಾಖ ತೊಂಬತ್ತು ಡಿಗ್ರಿ ದಾಟಿತ್ತು. ಕೆಂಚಪ್ಪ ವೇದಿಕೆ ಹತ್ತುವುದು ಅದರ ಮುಂದಿನ ಭಾಗದಲ್ಲಿ. ನಾನು ಪಟ್ಟಿಯಲ್ಲಿ ವಾಟ್ ಬರೆದಿದ್ದೆ, ಮೆಮೊರಿ ಬರೆದಿದ್ದೆ. ಹಿರಿಯೂರಿನ ಬಿಸಿಲನ್ನು ಬರೆದಿರಲಿಲ್ಲ. ತಗಡಿನ ಚಾವಣಿಯ ಆ ಕೋಣೆಯಲ್ಲಿ ಹೊಸ ಕಾರ್ಡ್ ಇದ್ದಿದ್ದರೆ ತಣ್ಣಗಿರುತ್ತಿತ್ತೇ, ತಣ್ಣಗಿದ್ದೂ ಮೆಮೊರಿ ಸಾಲದೆ ಇದೇ ಜಾಗದಲ್ಲಿ ನಿಲ್ಲುತ್ತಿತ್ತೇ? ಯಾವ ಪಟ್ಟಿಯಲ್ಲೂ ಇದಕ್ಕೆ ಉತ್ತರವಿಲ್ಲ. ಒಂದನ್ನು ಆರಿಸಿದ ಮೇಲೆ ಇನ್ನೊಂದು ದಿನದಿನಕ್ಕೆ ಒಳ್ಳೆಯದಾಗುತ್ತ ಹೋಗುತ್ತದೆ. ಬಿಟ್ಟದ್ದರ ತಪ್ಪು ಕಾಣುವ ಅವಕಾಶವೇ ಇರುವುದಿಲ್ಲವಲ್ಲ.

ಗುರುವಾರ ಬೆಳಿಗ್ಗೆ ರೆಹಾನಾ ಕಂಪ್ಯೂಟರಿನ ಪಕ್ಕದ ಹಲಗೆ ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಮುಖಕ್ಕೆ ಹಿಡಿದು, ಕಾರ್ಡಿನ ವೇಗವನ್ನು ತಾನೇ ತಗ್ಗಿಸಿ ಮೊದಲಿನಿಂದ ಶುರು ಮಾಡಿದಳು. ವೇಗ ತಗ್ಗಿದರೆ ಬಿಸಿ ಇಳಿಯುತ್ತದೆ, ಹೊತ್ತು ಹಿಡಿಯುತ್ತದೆ. ಮುಗಿಯುವುದು ಶುಕ್ರವಾರ ನಸುಕಿಗೆ ಎಂದು ಪರದೆ ತೋರಿಸಿತು. ಮಂಜುನಾಥ ಹಾಲಿನ ಗಾಡಿಯ ಜೊತೆ ಬಂದು ಒಯ್ಯುವುದೆಂದು ಮಾತಾಯಿತು. ಗೌಸ್ ಸಾಹೇಬರು ಚಾವಣಿಯ ಮೇಲೆ ಒದ್ದೆ ಗೋಣಿಚೀಲ ಹಾಸಿ, ಅದು ಒಣಗಿದಾಗಲೆಲ್ಲ ಏಣಿ ಹತ್ತಿ ನೀರು ಚಿಮುಕಿಸಿದರು. ಅವರ ತಮಾಷೆ ನಿಂತಿತ್ತು. ನಾನು ಮಧ್ಯಾಹ್ನದ ಬಸ್ಸಿಗೆ ದುರ್ಗಕ್ಕೆ ವಾಪಸಾದೆ. ಅಲ್ಲಿ ಕೂತು ಶೇಕಡಾ ನೋಡುವುದರಿಂದ ಯಾರಿಗೂ ಉಪಯೋಗವಿರಲಿಲ್ಲ.

ಸಂಜೆ ಆರೂವರೆಗೆ ರೆಹಾನಾಳ ಫೋನು ಬಂತು.

“ನಲವತ್ತೇಳು ಆತು ಸರ್. ಬಿಸಿ ಎಂಬತ್ತೆರಡು. ಕೆಂಚಪ್ಪಾರು ಮರಿ ಕೊಟ್ಟು ಸ್ಟೇಜ್ ಇಳಿದ್ರು. ಊಟದ ಪಂಕ್ತಿ ಇನ್ನೂ ಬಾಕಿ ಐತೆ.”