ಕುಂಕುಮ ಹಚ್ಚಿದ ಸುದ್ದಿ

ಹುಮನಾಬಾದಿನ ಬಜಾರದಲ್ಲಿ ಅಂಗಡಿಗಳ ಹಲಗೆ ಇನ್ನೂ ತೆಗೆದಿಲ್ಲ. ಚಹಾ ಹೋಟೆಲಿನ ಒಲೆ ಈಗಷ್ಟೇ ಹೊಗೆಯಾಡುತ್ತಿದೆ. ಆ ಹೊಗೆಯೊಳಗಿಂದ ಒಂದು ಸೈಕಲ್ಲು ಹೊರಬರುತ್ತದೆ. ಹ್ಯಾಂಡಲ್ಲಿಗೆ ಕಟ್ಟಿದ ಧ್ವನಿವರ್ಧಕದ ಭೋಂಗಾ, ಹಿಂದಿನ ಕ್ಯಾರಿಯರಿನ ಮೇಲೆ ಬ್ಯಾಟರಿ, ಆಂಪ್ಲಿಫೈಯರು, ಟೇಪ್ ರೆಕಾರ್ಡರು. ಇಷ್ಟೆಲ್ಲ ಸವಾರಿ ಮಾಡುವಾಗ ಸೈಕಲ್ಲಿನ ಮಾಲೀಕನಿಗೆ ಜಾಗವಿಲ್ಲ. ಅಂಬಾದಾಸರು ಅದನ್ನು ತಳ್ಳಿಕೊಂಡೇ ನಡೆಯುತ್ತಾರೆ.

ಚೌಕದಲ್ಲಿ ನಿಲ್ಲುತ್ತಾರೆ. ತಲೆಯ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗುಂಡಿ ಒತ್ತುತ್ತಾರೆ. "ಹಜರಾತ್, ಏಕ್ ಜರೂರಿ ಐಲಾನ್..." ಎಂದು ಭೋಂಗಾ ಶುರು ಮಾಡುತ್ತದೆ. ಕೌದಿ ಹೊಲಿಯುವ ವಜೀರಬಿ ತೀರಿಕೊಂಡಿದ್ದಾರೆ. ಮೊದಲು ದಖನಿ ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ, ಕೊನೆಗೆ ಮರಾಠಿಯಲ್ಲಿ. ಹೋಟೆಲಿನವನು ಲೋಟ ತೊಳೆಯುವುದನ್ನು ನಿಲ್ಲಿಸುತ್ತಾನೆ. ಅಂಗಳ ಗುಡಿಸುತ್ತಿದ್ದ ಹೆಂಗಸು ಕಸಬರಿಗೆಯನ್ನು ಗೋಡೆಗೆ ಆನಿಸುತ್ತಾಳೆ. ಇಡೀ ಓಣಿ ಬಾಯಿ ಮುಚ್ಚಿಕೊಂಡು ಕಿವಿಯಾಗುತ್ತದೆ.

ವಿಚಿತ್ರವೆಂದರೆ, ಅಂಬಾದಾಸರ ಬಾಯಿಯೂ ಮುಚ್ಚಿದೆ. ಭೋಂಗಾದಿಂದ ಬರುವ ದನಿ ಅವರದೇ, ಗಟ್ಟಿಯಾದದ್ದು, ಎಲ್ಲೂ ನಡುಗದ್ದು. ಭೋಂಗಾದ ಹಿಂದೆ ನಿಂತ ಮನುಷ್ಯ ಮಾತ್ರ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಆ ದನಿಯನ್ನು ಕ್ಯಾಸೆಟ್ಟಿಗೆ ತುಂಬಿದ್ದು ಹೋದ ಮಳೆಗಾಲದಲ್ಲಿ, ಸ್ವತಃ ವಜೀರಬಿಯ ಎದುರು ಕೂತು. ವಾಕ್ಯಗಳ ನಡುವೆ ಎಲ್ಲೋ ಒಂದು ಸಣ್ಣ ಕೆಮ್ಮು ಕೇಳುತ್ತದೆ. ಅದು ವಜೀರಬಿಯದು. ತನ್ನ ಸಾವಿನ ಸುದ್ದಿಯಲ್ಲಿ ತಾನೇ ಕೆಮ್ಮಿದ ಮುದುಕಿ ಈ ಸೀಮೆಯಲ್ಲಿ ಇನ್ನೊಬ್ಬಳಿಲ್ಲ.

"ಅಳಿಸಿ ಹೊಸದಾಗಿ ತುಂಬಬಹುದಿತ್ರಿ. ಮನಸ್ಸಾಗಲಿಲ್ಲ," ಎನ್ನುತ್ತಾರೆ ಅಂಬಾದಾಸರು, ಸೈಕಲ್ಲು ಮುಂದಿನ ಓಣಿಗೆ ತಿರುಗಿಸುತ್ತ.

ಸುದ್ದಿ ಮಾಡುವವರು ನಾಡಿನ ತುಂಬ ಇದ್ದಾರೆ. ಸುದ್ದಿ ಆಗುವ ಮೊದಲೇ ಅದನ್ನು ಮಾಡಿ, ಆಗಬೇಕಾದವರಿಗೇ ಕೇಳಿಸಿ, ಅವರಿಂದ ಹೂಂ ಅನ್ನಿಸಿಕೊಂಡು ಇಡುವವರನ್ನು ನಾನು ಕಂಡದ್ದು ಹುಮನಾಬಾದಿನಲ್ಲಿ ಮಾತ್ರ.

ಸಾವಿನ ಸುದ್ದಿ ಅಂಬಾದಾಸರಿಗೆ ತಂದೆಯಿಂದ ಬಂದದ್ದು. ಆದರೆ ಆಸ್ತಿಯಾಗಿ ಅಲ್ಲ. ತಂದೆ ಜ್ಞಾನೇಶ್ವರ ಹಲಗಿ ಬಾರಿಸಿ ಸಾರುತ್ತಿದ್ದವರು. ಅದು ಬಿಟ್ಟಿ ಚಾಕರಿ. ಯಾರ ಮನೆಯಲ್ಲಿ ಯಾರು ಸತ್ತರೂ ಹುಡಗಿ, ಮಂಠಾಳದಂಥ ಸುತ್ತಲಿನ ಊರುಗಳಿಗೆ ಬರಿಗಾಲಲ್ಲಿ ಓಡಿ, ನೆಂಟರ ಮನೆಯ ಹೊರಗೇ ನಿಂತು ಹೇಳಿ, ಹೊರಗಿನಿಂದಲೇ ಮರಳಬೇಕು. ೧೯೫೬ರಲ್ಲಿ ಅವರು ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದು ಬಂದರು. ಬೀದರ ಜಿಲ್ಲೆಗೆ ಹೊಸ ರಾಜ್ಯ, ಜ್ಞಾನೇಶ್ವರರಿಗೆ ಹೊಸ ಧರ್ಮ, ಎರಡೂ ಒಂದೇ ವರ್ಷ. ಬಂದವರೇ ಹಲಗಿಯನ್ನು ಗೋಡೆಯ ಗೂಟಕ್ಕೆ ಹಾಕಿದರು. ಮತ್ತೆ ಇಳಿಸಲಿಲ್ಲ.

ಮಗ ಟೂರಿಂಗ್ ಟಾಕೀಸಿನ ಜಾಹೀರಾತು ಗಾಡಿಯಲ್ಲಿ ಕೂತು ಸಿನೆಮಾ ಕೂಗುವ ಕೆಲಸಕ್ಕೆ ಸೇರಿದ. ದನಿಯ ಏರಿಳಿತ ಅಲ್ಲಿ ಕಲಿತದ್ದು. ಟಾಕೀಸು ಊರು ಬಿಟ್ಟಾಗ ಹಳೆಯ ಭೋಂಗಾ ಇವರ ಪಾಲಿಗೆ ಬಂತು. ಮುಂದೆ ಯಾರೋ ತಮ್ಮ ಮನೆಯ ಸಾವನ್ನು ಸಾರಲು ಕರೆದಾಗ ತಂದೆ ಸಿಟ್ಟಾಗಿ, ಹಲಗಿ ಬಿಟ್ಟು ಭೋಂಗಾ ಹಿಡಿದರೆ ಫರಕ್ ಏನಾಯಿತು ಎಂದು ಕೇಳಿದರಂತೆ.

"ಫರಕ್ ಅದ ಬಾಬಾ ಅಂದ್ನಿ. ಕರದ್ರ ಹೋಗ್ತೀನಿ, ನನಗ ಬ್ಯಾಡನಿಸಿದ್ರ ಇಲ್ಲ. ಮತ್ತ ನಮ್ಮ ಕಾಲು ಹೋಗದ ಮನಿಯೊಳಗ ನನ್ನ ದನಿ ಅಡಗಿಮನೀ ತನಕಾ ಹೋಗ್ತದ. ಅದನ್ನ ಯಾರು ತಡೀತಾರ?"

ಮುಂಗಡ ಸುದ್ದಿ ಶುರುವಾದದ್ದು ಒಂದು ಜಗಳದಿಂದ. ಸತ್ತ ಮನೆಯವರು ಅಳುವಿನ ಗಡಿಬಿಡಿಯಲ್ಲಿ ಹೆಸರುಗಳನ್ನು ಹೇಳುತ್ತಾರೆ. ಹೀಗೊಮ್ಮೆ ಗಂಡುಮಕ್ಕಳ ಹೆಸರೆಲ್ಲ ಬಂದು, ಮಂಠಾಳಕ್ಕೆ ಕೊಟ್ಟ ಮಗಳು ಶಕುಂತಲಾಬಾಯಿಯ ಹೆಸರು ಬಿಟ್ಟುಹೋಯಿತು. ಆಕೆ ಅಪ್ಪನ ಮಣ್ಣಿಗೆ ಬಂದವಳು ನೇರ ಭೋಂಗಾದ ಮುಂದೆ ನಿಂತು, "ನಾ ಏನ್ ಅಪ್ಪನ ಹೊಟ್ಟಿಲೆ ಹುಟ್ಟಿಲ್ಲೇನು?" ಎಂದು ಕೇಳಿದಳು. ಉತ್ತರ ಕೊಡಬೇಕಾದವರು ಹೆಣವಾಗಿ ಮಲಗಿದ್ದರು. ಅಂದಿನಿಂದ ಅಂಬಾದಾಸರು ಕೇಳಬೇಕಾದವರನ್ನೇ ಕೇಳುತ್ತಾರೆ, ಅವರು ಎದ್ದು ಕೂತಿರುವಾಗಲೇ.

ಮೊದಮೊದಲು ಕಲ್ಲು ಬೀಳದಿದ್ದದ್ದು ಪುಣ್ಯ. ಈಗ ವಯಸ್ಸಾದವರು ತಾವಾಗಿಯೇ ಹೇಳಿಕಳಿಸುತ್ತಾರೆ. ಒಬ್ಬರಿಗೆ ಹೊಲದ ಹೆಸರು ಬರಬೇಕು. ಇನ್ನೊಬ್ಬರಿಗೆ ಅಳಿಯನ ಹೆಸರು ಬರಕೂಡದು. ಗಂಡನ ಹೆಸರು ಮೊದಲು ಹೇಳಿದ್ದಕ್ಕೆ ವಜೀರಬಿ ಟೇಪ್ ನಿಲ್ಲಿಸಿ, ಸಾಯುವವಳು ತಾನಾಗಿರುವಾಗ ಅವರ ಹೆಸರಿಗೇನು ಅವಸರ ಎಂದು ತಿದ್ದಿಸಿದ್ದರು. ಕನ್ನಡ ಓದುವಾಗ ಅಂಬಾದಾಸರಿಗೆ ಪ್ರವಚನದ ಗಾಂಭೀರ್ಯ ಬರುತ್ತದೆ, ದಖನಿಯಲ್ಲಿ ಮುಶಾಯರ ಕವಿಗೋಷ್ಠಿಯ ಠೀವಿ, ಮರಾಠಿಯಲ್ಲಿ ಕೀರ್ತನದ ಎಳೆತ. 'ಇಂದು' ಎಂಬ ಮಾತನ್ನು ಮಾತ್ರ ಮೂರರಲ್ಲೂ ಒಂದೇ ತೂಕದಲ್ಲಿ ಹೇಳುತ್ತಾರೆ. ಯಾವತ್ತು ಹಾಕಿದರೂ ಅದು ಇಂದೇ ತಾನೆ. ಮಣ್ಣು ಮಾಡುವ ಹೊತ್ತನ್ನಷ್ಟೇ ಕೊನೆಯಲ್ಲಿ ಬಾಯಿಂದ ಹೇಳುತ್ತಾರೆ.

ಆದರೆ ಅಂಬಾದಾಸರ ಜೀವ ಇರುವುದು ಇಲ್ಲಿ ಅಲ್ಲ. ಬಸವಕಲ್ಯಾಣದ ಕೋಟೆಯ ಆಚೆಗಿನ ಬಯಲಿನಲ್ಲಿ, ಸಂಕ್ರಾಂತಿ ಕಳೆದ ಮೇಲೆ ನಡೆಯುವ ವಾಲಿಬಾಲ್ ಟೂರ್ನಮೆಂಟಿನ ಮೈಕಿನಲ್ಲಿ. ಚೆಂಡು ಬಲೆಯ ಮೇಲೆ ಹಾರುವಾಗ ರೇಡಿಯೋ ವಾರ್ತೆಯವರಂತೆ ಶುರುಮಾಡಿ, ಅದು ನೆಲಕ್ಕೆ ಬಡಿಯುವಷ್ಟರಲ್ಲಿ ಎಮ್ಮೆ ಹರಾಜಿನವರಂತೆ ಮುಗಿಸುತ್ತಿದ್ದರು ಎಂದು ನೋಡಿದವರು ಅನುಕರಿಸಿ ತೋರಿಸುತ್ತಾರೆ. ಮೂರು ವರ್ಷದಿಂದ ಆ ಮೈಕು ಅವರ ಕೈಯಲ್ಲಿಲ್ಲ. ಈ ಆದಿತ್ಯವಾರ ಮತ್ತೆ ಫೈನಲ್ಲು. ಕಮಿಟಿಯಿಂದ ಇನ್ನೂ ಕರೆ ಬಂದಿಲ್ಲ. ಬೆಳಗಿನಿಂದ ಈ ವಿಷಯವನ್ನು ಅವರಾಗಿ ಎತ್ತಿಲ್ಲ. ಓಣಿಯ ತಿರುವಿನಲ್ಲಿ ಯಾರ ಹೆಜ್ಜೆ ಕೇಳಿದರೂ ಕತ್ತು ಮಾತ್ರ ಅತ್ತ ತಿರುಗುತ್ತದೆ.

ಮೈಕು ಹೋದ ಕತೆ ಎರಡೂ ಊರಿಗೆ ಗೊತ್ತು. ೧೯೮೧ರ ಟೂರ್ನಮೆಂಟಿಗೆ ಮುಖ್ಯ ಅತಿಥಿ ಸಾಹುಕಾರ ಮಹಾರುದ್ರಪ್ಪನವರು. ಹುಟ್ಟೂರು ಬಸವಕಲ್ಯಾಣ, ತೊಗರಿ ವ್ಯಾಪಾರ ಹುಮನಾಬಾದಿನಲ್ಲಿ. ಅದಕ್ಕೆ ಕೆಲ ದಿನ ಮೊದಲು ಅವರ ಮುಂಗಡ ಸುದ್ದಿ ರೆಕಾರ್ಡ್ ಆಗಿತ್ತು. ಸಾಹುಕಾರರ ಅಂಗಡಿಯಲ್ಲಿ ಟೇಪ್ ರೆಕಾರ್ಡರು ಗಾದಿಯ ಮೇಲೆ ಕೂತಿತ್ತು, ಅಂಬಾದಾಸರು ಕಟ್ಟೆಯ ಕೆಳಗೆ ನಿಂತಿದ್ದರು. ಪೂರ್ತಿ ಕೇಳಲು ಅಂದು ಸಾಹುಕಾರರಿಗೆ ಪುರುಸೊತ್ತಾಗಲಿಲ್ಲ. ಟೂರ್ನಮೆಂಟಿಗೆ ಬರುವಾಗ ಕ್ಯಾಸೆಟ್ ತಾ, ಆಟ ಮುಗಿದ ಮೇಲೆ ಒಬ್ಬನೇ ಕೂತು ಕೇಳುತ್ತೇನೆ ಎಂದರು.

ಅಂಬಾದಾಸರ ಪೆಟ್ಟಿಗೆಯಲ್ಲಿ ಒಂದು ನೇಮವಿತ್ತು. ಶುಭದ ಕ್ಯಾಸೆಟ್ಟಿಗೆ ಕುಂಕುಮದ ಬೊಟ್ಟು, ಅಶುಭದ್ದಕ್ಕೆ ಏನೂ ಇಲ್ಲ. ಕತ್ತಲಲ್ಲೂ ಬೆರಳಿಗೆ ತಿಳಿಯುವ ಗುರುತು. ಅಂದು ಬೆಳಗ್ಗೆ ಉದ್ಘಾಟನೆಗೆ ಮುಂಚೆ ಚೆಂಡು, ಬಲೆ, ಕಂಬ, ಮೈಕು ಎಲ್ಲಕ್ಕೂ ಪೂಜೆಯಾಯಿತು. ಪೂಜೆ ಮಾಡಿದವರು ಸಾಹುಕಾರರ ಹೆಂಡತಿ ಕಸ್ತೂರಿಬಾಯಿ. ಭಕ್ತಿಯಲ್ಲಿ ಜಿಪುಣತನ ಅರಿಯದ ಆಕೆ ಪೆಟ್ಟಿಗೆ ತೆರೆದು, ಬೋಳಾಗಿದ್ದ ಕ್ಯಾಸೆಟ್ಟನ್ನು ಕಂಡು ಪಾಪ ಅನ್ನಿಸಿ, ಅದಕ್ಕೂ ದೊಡ್ಡದೊಂದು ಬೊಟ್ಟು ಇಟ್ಟರು. ಅಂಬಾದಾಸರು ಆಗ ಕಂಬದ ಮೇಲೆ ಭೋಂಗಾ ಕಟ್ಟುತ್ತಿದ್ದರು.

ತಂಡಗಳು ಸಾಲಾಗಿ ಹೆಜ್ಜೆ ಹಾಕಿ ಬಂದವು. ಮಹಾರುದ್ರಪ್ಪನವರು ವೇದಿಕೆಯ ಮೇಲೆ ಸೆಲ್ಯೂಟಿಗೆ ಕೈ ಎತ್ತಿದರು. ಸ್ವಾಗತದ ಬ್ಯಾಂಡು ಬರಬೇಕಾದ ಭೋಂಗಾದಿಂದ, "ಸಮಸ್ತ ಜನರಿಗೆ ತಿಳಿಸುವುದೇನೆಂದರೆ, ತೊಗರಿ ವ್ಯಾಪಾರಿ ಮಹಾರುದ್ರಪ್ಪನವರು ಇಂದು ಲಿಂಗೈಕ್ಯರಾದರು" ಎಂದು ಬಂತು. ಮುಖ್ಯ ಅತಿಥಿಯ ತಿಥಿ ಅಲ್ಲಿಯೇ ಆಯಿತು. ಶಿಸ್ತಿನ ಆಟಗಾರರು ತಲೆ ತಗ್ಗಿಸಿ ಮೌನಾಚರಣೆಗೆ ನಿಂತರು. ಹಾರ ಹಿಡಿದವನಿಗೆ ಅದನ್ನು ಕೊರಳಿಗೆ ಹಾಕಬೇಕೋ ಪಾದದ ಬಳಿ ಇಡಬೇಕೋ ತಿಳಿಯಲಿಲ್ಲ. ಅಂಬಾದಾಸರು ನಿಲ್ಲಿಸಲು ಓಡಿದರೆ ಸಾಹುಕಾರರು ಸೆಲ್ಯೂಟಿನ ಕೈಯನ್ನೇ ಅಡ್ಡ ಚಾಚಿ ಹೇಳಿದರು: "ಇರಲಿ. ಮುಗೀಲಿ."

ಮುಗಿಯಲು ಬಿಟ್ಟದ್ದೇ ಎಡವಟ್ಟಾಯಿತು. ಮುಂದಿನ ವಾಕ್ಯ ಹೀಗಿತ್ತು: "ಮೃತರು ಬಸವಕಲ್ಯಾಣದ ಮೈದಾನದಲ್ಲಿ ಆಟಗಾರರಿಗಾಗಿ ನೀರಿನ ಟಾಕಿ ಕಟ್ಟಿಸಿದ್ದರು." ಎಂದಾದರೂ ಕಟ್ಟಿಸುವುದು ಇದ್ದೇ ಇದೆ, ಈಗಲೇ ಸೇರಿಸಿಬಿಡು ಎಂದು ಸಾಹುಕಾರರೇ ಹೇಳಿ ಬರೆಸಿದ ಮಾತು. ತಗ್ಗಿಸಿದ ತಲೆಗಳು ಒಂದೊಂದಾಗಿ ಎದ್ದು ಟಾಕಿ ಹುಡುಕತೊಡಗಿದವು. ಬಯಲಿನಲ್ಲಿ ಇದ್ದದ್ದು ಎತ್ತಿನ ಗಾಡಿಯಲ್ಲಿ ತಂದ ಒಂದು ನೀರಿನ ಪೀಪಾಯಿ. ಸತ್ತವರು ವೇದಿಕೆಯ ಮೇಲೆ ಕಾಣುತ್ತಿದ್ದರು, ಅವರು ಕಟ್ಟಿಸಿದ ಟಾಕಿ ಮಾತ್ರ ಎಲ್ಲೂ ಕಾಣಲಿಲ್ಲ.

ಅಂದಿನಿಂದ ಸಾಹುಕಾರರು ಎಲ್ಲಿ ಹೋದರೂ ಜನ ನೀರು ಕೇಳಿದರು. ಕಮಿಟಿಯವರು ಅಪಶಕುನದ ಬಾಯಿ ಎಂದು ಅಂಬಾದಾಸರನ್ನು ಕೈಬಿಟ್ಟರು. ಮರುವರ್ಷ ಬೇರೆ ಊರಿನಿಂದ ಕರೆಸಿದ ಮೈಕಿನವನು ಸೋತ ತಂಡದ ಹೆಸರು ಕೂಗಿ ಶೀಲ್ಡು ಕೊಡಿಸಿದ. ತಪ್ಪು ತಿಳಿಯುವಷ್ಟರಲ್ಲಿ ಸೋತವರು ಅದನ್ನು ತಬ್ಬಿಕೊಂಡು ಮನ್ನಾಏಖೇಳ್ಳಿಯ ಬಸ್ಸು ಹತ್ತಿಯಾಗಿತ್ತು. ಗೆದ್ದವರು ಇನ್ನೊಂದು ಬಸ್ಸಿನಲ್ಲಿ ಬೆನ್ನಟ್ಟಿದರು. ಆದರೂ ಅಂಬಾದಾಸರಿಗೆ ಕರೆ ಬರಲಿಲ್ಲ.

"ಅವನದು ತಪ್ಪಾದ್ರ ತಪ್ಪು, ನಂದಾದ್ರ ಶಾಪ," ಎಂದು ಅಂಬಾದಾಸರು ನಗುತ್ತಾರೆ. ಹೆಂಡತಿ ಸುಮನಬಾಯಿ ನಗುವುದಿಲ್ಲ. ಮೈದಾನ ತಪ್ಪಿದ ಮೇಲೆ ಇವರು ಮನೆಯಲ್ಲಿಯೂ ದನಿ ತಗ್ಗಿಸಿಯೇ ಮಾತಾಡುತ್ತಾರೆ ಎನ್ನುತ್ತಾರೆ ಆಕೆ.

ನಾವು ಅವರ ಅಂಗಳದಲ್ಲಿ ಚಹಾ ಕುಡಿಯುತ್ತಿರುವಾಗ ಓಣಿಯ ಬಾಗಿಲುಗಳಲ್ಲಿ ಜನ ನಿಲ್ಲುತ್ತಾರೆ. ಮಹಾರುದ್ರಪ್ಪನವರು ಕೋಲೂರಿ ಬರುತ್ತಿದ್ದಾರೆ, ಜೊತೆಗೆ ಕಸ್ತೂರಿಬಾಯಿ. ಸಾಹುಕಾರರು ಈ ಓಣಿಗೆ ಬಂದದ್ದು ಯಾರ ನೆನಪಿನಲ್ಲೂ ಇಲ್ಲ. ಸುಮನಬಾಯಿ ಹೊರಸು ಹಾಕುತ್ತಾರೆ. ಒಂದು ಗಳಿಗೆ ನಿಂತು ನೋಡಿ ಸಾಹುಕಾರರು ಅದರ ಮೇಲೆ ಕೂರುತ್ತಾರೆ. ಕೊಟ್ಟ ನೀರನ್ನೂ ಕುಡಿಯುತ್ತಾರೆ.

ಟಾಕಿ ಕಟ್ಟಿ ಮುಗಿದಿದೆ ಎನ್ನುತ್ತಾರೆ ಅವರು. ಆದಿತ್ಯವಾರ ಅದರ ಉದ್ಘಾಟನೆ. ಮೈಕಿಗೆ ಅಂಬಾದಾಸನೇ ಬೇಕೆಂದು ಕಮಿಟಿಗೆ ತಾವೇ ಹೇಳುತ್ತಾರಂತೆ. ಒಂದೇ ಶರತ್ತು: ಭಾಷಣ ಬೇಡ, ಅದೇ ಕ್ಯಾಸೆಟ್ ಹಾಕಬೇಕು.

"ಅವತ್ತ ಕೇಳಿದ್ದು ಸುಳ್ಳಿತ್ತು ಅಂಬಾದಾಸ. ಖರೇ ಆದ ಮ್ಯಾಲ ಒಮ್ಮಿ ಕೇಳಬೇಕಂತ ನನಗೂ ಆಸೆ ಇರಂಗಿಲ್ಲೇನು? ಸತ್ತ ಮ್ಯಾಲ ನನಗೇನ್ ಕೇಳಸ್ತದ?"

ಸುಮನಬಾಯಿ ಗಂಡನ ಮುಖ ನೋಡುತ್ತಾರೆ. ಮೂರು ವರ್ಷ ಕಾಯ್ದ ಕರೆ ಹೊರಸಿನ ಮೇಲೆ ಬಂದು ಕೂತಿದೆ. ಹೂಂ ಅಂದರೆ ಸಾಕು.

"ಅದೊಂದು ಆಗಂಗಿಲ್ರಿ ಸಾಹುಕಾರ್ರ," ಎನ್ನುತ್ತಾರೆ ಅಂಬಾದಾಸರು. "ಗೊತ್ತಿಲ್ದ ಒಮ್ಮಿ ಹಾಕೀನಿ. ಗೊತ್ತಿದ್ದು ಬದುಕಿದ್ದವರ ಸುದ್ದಿ ಹಾಕಂಗಿಲ್ಲ. ಮೈಕ್ ಹೋದ್ರ ಹೋಗ್ಲಿ."

ಕಸ್ತೂರಿಬಾಯಿ ನಡುವೆ ಬರುತ್ತಾರೆ. "ಹಾಕಬ್ಯಾಡಪ್ಪಾ. ನಾ ಕುಂಕುಮ ಹಚ್ಚೀನಿ, ಅದಕ್ಕ ಇವರು ಇನ್ನೂ ಗಟ್ಟಿ ಅದಾರ. ಮತ್ತ ಅದನ್ನ ಕೆಣಕಬ್ಯಾಡ."

ಸಾಹುಕಾರರು ಕೋಲಿನ ತುದಿಯಿಂದ ನೆಲ ಗೀರುತ್ತಾರೆ. ಆ ಮುಖ ನೋಡಿ ಅಂಬಾದಾಸರು ಒಳಗೆ ಹೋಗುತ್ತಾರೆ. ಆ ಘಟನೆಯಾದ ಮೇಲೆ ಅಶುಭದ ಕ್ಯಾಸೆಟ್ಟುಗಳು ಜೋಳದ ಕಣಜದ ಹಿಂದೆ ಬೇರೆಯಾಗಿಯೇ ಇರುತ್ತವೆ, ಸುದ್ದಿ ಬರುವವರೆಗೆ ಮನೆಯ ಹೊಸ್ತಿಲು ದಾಟುವುದಿಲ್ಲ. ಕುಂಕುಮ ಮಾಸಿದ ಆ ಒಂದನ್ನು ಹೊಸ್ತಿಲ ಒಳಗೇ ಟೇಪಿಗೆ ಹಾಕುತ್ತಾರೆ. ಭೋಂಗಾದ ತಂತಿ ಬಿಚ್ಚಿದ್ದಾರೆ. ಕಸ್ತೂರಿಬಾಯಿ ಎದ್ದು, ಸುಮನಬಾಯಿಯ ಕೈ ಹಿಡಿದು ಹಿತ್ತಲಿಗೆ ನಡೆಯುತ್ತಾರೆ. ಅಂಬಾದಾಸರು ಸಾವು ಹೇಳುವ ಮೊದಲ ವಾಕ್ಯವನ್ನು ದಾಟಿಸಿ, ಕಿವಿಗೊಟ್ಟು ನೋಡಿ, ಮತ್ತಷ್ಟು ಮುಂದೆ ಓಡಿಸಿ ಗುಂಡಿ ಒತ್ತುತ್ತಾರೆ.

"...ಬಸವಕಲ್ಯಾಣದ ಮೈದಾನದಲ್ಲಿ ಆಟಗಾರರಿಗಾಗಿ ನೀರಿನ ಟಾಕಿ ಕಟ್ಟಿಸಿದ್ದರು."

ಹೊರಸಿನಿಂದ ಬಗ್ಗಿ ಕೇಳಿದ ಸಾಹುಕಾರರು ಇನ್ನೊಮ್ಮೆ ಹಾಕಿಸುತ್ತಾರೆ. ಮೂರನೆಯ ಸಲ ಕೇಳುವುದಿಲ್ಲ. ಎದ್ದು ನಿಂತು, ಏನೂ ಬದಲು ಮಾಡಬೇಡ ಎನ್ನುತ್ತಾರೆ. ಬಾಗಿಲ ತನಕ ಹೋದವರು ತಿರುಗಿ, "ಆದಿತ್ಯವಾರ ಮೊದಲನೇ ಬಸ್ಸಿಗೇ ಬಾ. ಭೋಂಗಾ ಕಟ್ಟಾಕ ಹೊತ್ತು ಬೇಕಲ್ಲ," ಎಂದು ಸೇರಿಸುತ್ತಾರೆ.

ಅವರು ಹೋದ ಮೇಲೆ ಅಂಬಾದಾಸರು ಕ್ಯಾಸೆಟ್ಟನ್ನು ಕಣಜದ ಹಿಂದೆ ಇಟ್ಟು ಬರುತ್ತಾರೆ. ಸುಮನಬಾಯಿ ಆಗಲೇ ಕುಂಕುಮದ ಬಟ್ಟಲು ಹಿಡಿದು ಬ್ಯಾಂಡಿನ ಕ್ಯಾಸೆಟ್ಟು ಹುಡುಕುತ್ತಿದ್ದಾರೆ. ವಜೀರಬಿಯ ಮಣ್ಣಿನ ಹೊತ್ತು ಸಾರಲು ಇನ್ನೂ ಎರಡು ಓಣಿ ಬಾಕಿ. ಅಂಬಾದಾಸರು ಸೈಕಲ್ಲು ಹಿಡಿಯುತ್ತಾರೆ. ಆದಿತ್ಯವಾರ ಏನಾಗಬೇಕು ಎಂದು ನಾನು ಕೇಳಿದ್ದಕ್ಕೆ ಟೊಪ್ಪಿಗೆ ಸರಿಮಾಡಿಕೊಂಡು ಹೇಳುತ್ತಾರೆ:

"ಓಣ್ಯಾಗ ಈ ದನಿ ಕೇಳಿದ್ರ ಮಂದಿ ಸುಮ್ಮಗಾಗ್ತಾರ, ನೀವೂ ನೋಡೀರಿ. ಆದಿತ್ಯವಾರ ಒಬ್ಬರೂ ಸುಮ್ಮಗಾಗಬಾರದು. ಅಷ್ಟ ನೋಡ್ರಿ."